ಬರಿಗೈಯವರು ಕಲಿಯಬೇಕಾದ್ದು ಏನು?

ಕರಾಟೆ ಎಂಬ ಜಪಾನಿ ಶಬ್ದಕ್ಕೆ ಬರಿಗೈ ಎಂದು ಅರ್ಥ. ಆಯುಧ ಹಿಡಿಯದ ಕೈ. ನಮ್ಮ ಹಳ್ಳಿಗಳಲ್ಲಿ ಬರಿಗೈಯವನು ಎಂದರೆ ಬೇರೆ ಅರ್ಥ. ಹೊಲ ಇಲ್ಲದವನು, ಕಾಗದಪತ್ರ ಇಲ್ಲದವನು, ಪರವಾಗಿ ಸಾಕ್ಷಿ ಹೇಳುವವರಿಲ್ಲದವನು. ಈ ಎರಡೂ ಅರ್ಥಗಳನ್ನು ಎದುರಿಗೆ ಇಟ್ಟುಕೊಂಡು ನಾವು ಒಂದು ವಿಷಯ ಮಾತಾಡಬೇಕಾಗಿದೆ.

ಬಾಗಲಕೋಟೆ, ಇಳಕಲ್, ಹುನಗುಂದ, ಬಾದಾಮಿಗಳಂಥ ಊರುಗಳಲ್ಲೂ ಈಗ ಕರಾಟೆಯ ಮಾತು ಕೇಳಿಬರುತ್ತದೆ. ಕಲಿಸುವವರಲ್ಲಿ ಎರಡು ಬಗೆ. ಒಬ್ಬರು, 'ನಮ್ಮದು ಸಾಂಪ್ರದಾಯಿಕ ಕರಾಟೆ, ಇಲ್ಲಿ ಶಿಸ್ತು ಮುಖ್ಯ, ಪದಕಕ್ಕ ಆಸೆ ಪಡೂದಿಲ್ಲ' ಎನ್ನುತ್ತಾರೆ. ಇನ್ನೊಬ್ಬರು, 'ಜಿಲ್ಲಾ ಮಟ್ಟ, ರಾಜ್ಯ ಮಟ್ಟಕ್ಕ ಒಯ್ತೀವಿ, ಸರ್ಟಿಫಿಕೇಟ್ ಸಿಗತೈತಿ' ಎನ್ನುತ್ತಾರೆ. ಕೂಲಿಯ ದುಡ್ಡಿನಲ್ಲಿ ಮಗಳನ್ನು ಓದಿಸುವ ತಾಯಿ ಮಾಸ್ತರರನ್ನು ಕೇಳುತ್ತಾಳೆ: 'ಯಾವುದಕ್ಕ ಹಾಕೂಣ್ರಿ ಸರ?' ಈ ಪ್ರಶ್ನೆ ಸಣ್ಣದಲ್ಲ. ಕೈ ಯಾತಕ್ಕೆ ಎತ್ತಬೇಕು, ಯಾರ ಮೇಲೆ ಎತ್ತಬೇಕು, ಯಾವಾಗ ತಡೆಯಬೇಕು ಎಂಬ ನೀತಿಯ ಪ್ರಶ್ನೆ ಇದರೊಳಗಿದೆ.

ಎತ್ತಿದ ಕೈಗೆ ಈ ದೇಶದಲ್ಲಿ ಒಂದು ಚರಿತ್ರೆ ಇದೆ. ಕೆಳಜಾತಿಯವನು ಮೇಲಿನವನ ಮೇಲೆ ಕೈ ಎತ್ತಿದರೆ ಆ ಕೈ ಕಡಿಯಬೇಕು, ಒದ್ದರೆ ಕಾಲು ಕಡಿಯಬೇಕು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಆ ಪುಸ್ತಕ ಸುಡಿಸಿದರು. ಪುಸ್ತಕ ಸುಟ್ಟಿತು, ಅದರ ಕಾನೂನು ನಮ್ಮ ಮೈಯೊಳಗೆ ಉಳಿದುಕೊಂಡಿತು. ಗೌಡರು ಎದುರಿಗೆ ಬಂದರೆ ಕೈ ತಾನಾಗಿ ಕಟ್ಟಿಕೊಳ್ಳುತ್ತದೆ, ಬೆನ್ನು ತಾನಾಗಿ ಬಾಗುತ್ತದೆ, ಚಪ್ಪಲಿ ತಾನಾಗಿ ಕಳಚುತ್ತದೆ. ಯಾರೂ ಹೇಳಿಕೊಡಬೇಕಿಲ್ಲ, ಅದೂ ಒಂದು ತರಬೇತಿಯೇ. ಹುಟ್ಟಿದಂದಿನಿಂದ ಕೊಟ್ಟ ತರಬೇತಿ. ಆದ್ದರಿಂದ ಕೇರಿಯ ಹುಡುಗಿಯೊಬ್ಬಳು ಶಾಲೆಯ ಅಂಗಳದಲ್ಲಿ ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಮುಷ್ಟಿ ಕಟ್ಟಿ ನಿಂತಳೆಂದರೆ ಅದು ಬರೀ ಆಟವಲ್ಲ. ಅವಳ ಮೈ ಹಳೆಯ ಪಾಠವೊಂದನ್ನು ಮರೆಯತೊಡಗಿದೆ ಎಂದು ಅರ್ಥ.

ಇನ್ನು ಸಂಪ್ರದಾಯದ ಮಾತು. ಕರಾಟೆ ಸಾವಿರಾರು ವರ್ಷದ್ದು ಎಂದು ಹೇಳುವವರ ಮಾತನ್ನು ನಾವು ನಂಬಬೇಕಾಗಿಲ್ಲ. ಅದು ಬೆಳೆದದ್ದು ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದಲ್ಲಿ. ರ್‍ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯವದು. 1609ರಲ್ಲಿ ಜಪಾನಿನ ಸತ್ಸುಮಾ ಪಾಳೆಯದವರು ಅದನ್ನು ಸೋಲಿಸಿದರು, 1879ರಲ್ಲಿ ಜಪಾನ್ ಸರಕಾರ ಪೂರ್ತಿ ನುಂಗಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇತೊಸು ಎಂಬ ಗುರು ಈ ವಿದ್ಯೆಯನ್ನು ಶಾಲೆಗಳಿಗೆ ತಂದ. ಇದರಿಂದ ಸೈನ್ಯಕ್ಕೆ ಒಳ್ಳೆಯ ಆಳುಗಳು ಸಿಗುತ್ತಾರೆ ಎಂಬ ವಾದವನ್ನೂ ಹೂಡಿದ. ಅವನ ಶಿಷ್ಯ ಗಿಚಿನ್ ಫುನಕೋಶಿ 1922ರಲ್ಲಿ ಟೋಕಿಯೋಕ್ಕೆ ಹೋಗಿ ಪ್ರದರ್ಶನ ಕೊಟ್ಟ. ಬಿಳಿ ಉಡುಪು, ಬೆಲ್ಟಿನ ಪದ್ಧತಿ ಜೂಡೋದಿಂದ ಬಂದವು. ಅಂದರೆ ಇವತ್ತು ಸನಾತನ ಎಂದು ಹೇಳುವ ಸಂಪ್ರದಾಯದ ದೊಡ್ಡ ಪಾಲು ನೂರು ವರ್ಷದ ಈಚಿನದು. ಸಂಪ್ರದಾಯ ಎಂಬ ಶಬ್ದ ಕೇಳಿದ ಕೂಡಲೆ ತಲೆ ಬಾಗಿಸುವ ಚಟ ನಮಗೆ ಬೇಡ.

ಹಾಗಂತ ಅದರೊಳಗಿನ ಕಾಳನ್ನು ಹೊಟ್ಟಿನ ಜೊತೆ ತೂರಿಬಿಡಬಾರದು. ಹಳೆಯ ಪದ್ಧತಿಯಲ್ಲಿ 'ಕಟಾ' ಎಂಬುದೊಂದಿದೆ. ಎದುರಾಳಿ ಇಲ್ಲದೆ, ಗೊತ್ತುಮಾಡಿದ ಹೆಜ್ಜೆ, ಹೊಡೆತ, ತಡೆಗಳನ್ನು ಒಬ್ಬರೇ ಮತ್ತೆ ಮತ್ತೆ ಮಾಡುವುದು. ನೋಡುವವರಿಲ್ಲ, ಚಪ್ಪಾಳೆ ಇಲ್ಲ. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತವರಿಗೆ ಇದು ಬೇಗ ತಿಳಿದೀತು. ಅದೇ ಕೈ, ಅದೇ ಕಾಲು, ಅದೇ ಲಾಳಿ. ಸಾವಿರ ಸಲ ಆದಮೇಲೆ ಕೈಗೆ ಬುದ್ಧಿ ಬರುತ್ತದೆ. ಎರಡನೆಯದು, ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಬಾರದು ಎಂಬ ಫುನಕೋಶಿಯ ಪಾಠ. ಮೂರನೆಯದು, ಏಟನ್ನು ಗುರಿಯ ಹತ್ತಿರ ಒಯ್ದು ನಿಲ್ಲಿಸುವ ಹಿಡಿತ. ಹೊಡೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬುದನ್ನು ಮೈಗೆ ಕಲಿಸುವ ವಿದ್ಯೆ ಅದು.

ಇದರ ಜೊತೆಗೇ ಬರುವ ಇನ್ನೊಂದು ಸಾಮಾನಿದೆ. ಗುರು ಹೇಳಿದ್ದನ್ನು ಕೇಳು, ಪ್ರಶ್ನೆ ಕೇಳಬೇಡ, ಕಾಲು ಮುಟ್ಟು. ಏಕಲವ್ಯನ ಹೆಬ್ಬೆರಳು ಕೇಳಿದ ದೇಶ ನಮ್ಮದು. ಸ್ವಂತ ಶ್ರಮದಿಂದ ಕಲಿತವನ ಬೆರಳನ್ನು, ಕಲಿಸದೆ ಇದ್ದವನೇ ದಕ್ಷಿಣೆಯಾಗಿ ಕೇಳಿದ. ಮೈ ನೆಟ್ಟಗೆ ಮಾಡುವ ವಿದ್ಯೆಯೇ ಮನಸ್ಸನ್ನು ಬಾಗಿಸುವುದಾದರೆ ಅದರಿಂದ ನಮಗೇನು ಬಂತು?

ಸ್ಪರ್ಧೆಯ ಕಡೆ ಬರೋಣ. ಅದನ್ನು ಹೀಗಳೆಯುವುದು ಒಂದು ಫ್ಯಾಷನ್ನು. 'ಪದಕಕ್ಕಾಗಿ ಹೊಡೆದಾಡುವವರು' ಎಂದು ಮೂಗು ಮುರಿಯುವವರಿಗೆ ಹೊಟ್ಟೆ ತುಂಬಿರುತ್ತದೆ. ನೌಕರಿಯಲ್ಲೋ ಕಾಲೇಜಿನಲ್ಲೋ ಕ್ರೀಡಾ ಕೋಟಾದ ಒಂದು ಸೀಟು ಬಡವರ ಮನೆಗೆ ಎಷ್ಟು ದೊಡ್ಡದೆಂದು ಗೋವಾಕ್ಕೂ ಮಂಗಳೂರಿಗೂ ದುಡಿಯಲು ಹೋಗುವ ಹುನಗುಂದ, ಬಾದಾಮಿ ಕಡೆಯ ಜನಕ್ಕೆ ಗೊತ್ತು.

ಸ್ಪರ್ಧೆಯಲ್ಲಿ ಇನ್ನೊಂದು ದೊಡ್ಡ ಗುಣವಿದೆ. ನಮ್ಮ ಕಡೆಯ ಕುಸ್ತಿಯನ್ನೇ ನೋಡಿ. ಗರಡಿ ಮನೆ, ಕೆಂಪು ಮಣ್ಣು, ಗೋಡೆಯ ಮೇಲೆ ಹನುಮಂತ ದೇವರು, ದಂಡ, ಬೈಠಕ್, ಉಸ್ತಾದ. ಇದು ನಮ್ಮದೇ ಸಾಂಪ್ರದಾಯಿಕ ವಿದ್ಯೆ. ಆದರೆ ಯಾರ ಹುಡುಗರ ಮೈಗೆ ಆ ಮಣ್ಣು ಹತ್ತಿತು? ಗುಡಿಯೊಳಗೆ ಬಿಡದ ಊರು ಗರಡಿಯೊಳಗೆ ಬಿಟ್ಟೀತೆ? ಮುಟ್ಟದೆ ಕುಸ್ತಿ ಇಲ್ಲ. ಒಬ್ಬನ ಬೆವರು ಇನ್ನೊಬ್ಬನ ಮೈಗೆ ಹತ್ತಲೇಬೇಕು. ಆದ್ದರಿಂದಲೇ ಮಡಿ-ಮೈಲಿಗೆಯ ಊರಿಗೆ ಕುಸ್ತಿ ಅಪಾಯದ ಆಟ. ಸ್ಪರ್ಧೆಯ ಮ್ಯಾಟು ಬಂದಾಗ ಜಾತಿಯ ಬದಲು ತೂಕ ಕೇಳಿತು. ಇಬ್ಬರಿಗೂ ಒಂದೇ ಗೆರೆ, ಒಂದೇ ನಿಯಮ, ನಡುವೆ ಒಬ್ಬ ಪಂಚ. ಊರೊಳಗೆ ಎಂದೂ ಸಿಗದ ಸಮಾನತೆ ಕೆಲವು ನಿಮಿಷದ ಮಟ್ಟಿಗಾದರೂ ಅಲ್ಲಿ ಸಿಗುತ್ತದೆ. ಇದನ್ನು ನಾವು ಕಡಿಮೆ ಎನ್ನಲಾರೆವು.

ಆದರೆ ಆ ನಿಮಿಷಗಳು ಮುಗಿದ ಮೇಲೆ? 2023ರಲ್ಲಿ ದಿಲ್ಲಿಯ ಜಂತರ್ ಮಂತರಿನಲ್ಲಿ ಕೂತ ಕುಸ್ತಿಯ ಹೆಣ್ಣುಮಕ್ಕಳನ್ನು ನೆನೆಯಿರಿ. ವಿನೇಶ್ ಫೋಗಟ್, ಒಲಿಂಪಿಕ್ ಪದಕ ತಂದ ಸಾಕ್ಷಿ ಮಲಿಕ್. ಕುಸ್ತಿ ಒಕ್ಕೂಟದ ಅಧ್ಯಕ್ಷನ ಮೇಲೆ ಲೈಂಗಿಕ ಕಿರುಕುಳದ ದೂರು ಅವರದು. ಮೇ 28ರಂದು, ಹೊಸ ಸಂಸತ್ ಭವನ ಉದ್ಘಾಟನೆಯಾದ ದಿನವೇ, ಪೊಲೀಸರು ಅವರನ್ನು ರಸ್ತೆಯ ಮೇಲೆ ಎಳೆದಾಡಿದರು. ಎರಡು ದಿನದ ಮೇಲೆ ಅವರು ಪದಕಗಳನ್ನು ಗಂಗೆಗೆ ಹಾಕಲು ಹರಿದ್ವಾರಕ್ಕೆ ಹೋದರು. ಪದಕ ಅವರನ್ನು ಕಾಯಲಿಲ್ಲ. ಬೀದಿಯಲ್ಲಿ ಹೆದರದೆ ಕೂತ ಆ ನಿಲುವಿಗೆ ಯಾವ ಪಂಚನೂ ಅಂಕ ಕೊಡುವುದಿಲ್ಲ.

ಕರಾಟೆಯ ಸ್ಪರ್ಧೆಯಲ್ಲೂ ಇಂಥದೊಂದು ಘಟನೆ ನಡೆಯಿತು. ಫುನಕೋಶಿ ತೀರಿಕೊಂಡ 1957ರಲ್ಲೇ ಜಪಾನಿನ ದೊಡ್ಡ ಕರಾಟೆ ಸಂಸ್ಥೆ ತನ್ನ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ಕರಾಟೆ ಒಲಿಂಪಿಕ್ಸಿಗೆ ಬಂದದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಅಲ್ಲಿ ಭಾರದ ವರ್ಗದ ಫೈನಲಿನಲ್ಲಿ ಸೌದಿಯ ತಾರೆಗ್ ಹಮೇದಿ ಮುಂದಿದ್ದ. ಅವನ ಒದೆತ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಿತ್ತು. ಗಂಜ್‌ಜಾದೆ ಎಚ್ಚರ ತಪ್ಪಿ ಬಿದ್ದ. ಮಿತಿ ಮೀರಿ ಹೊಡೆದನೆಂದು ಹಮೇದಿಯನ್ನು ಅನರ್ಹಗೊಳಿಸಿದರು. ಎಚ್ಚರವಿಲ್ಲದೆ ಬಿದ್ದವನಿಗೆ ಚಿನ್ನ ಬಂತು. ಎಷ್ಟೋ ಜನ ಇದನ್ನು ನಗೆಪಾಟಲು ಮಾಡಿದರು. ನಮಗೆ ಹಾಗೆ ಕಾಣುವುದಿಲ್ಲ. ಏಟನ್ನು ತಡೆಯಲಾರದವನು ಗೆದ್ದಂತಲ್ಲ ಎಂಬ ಹಳೆಯ ಪಾಠವನ್ನೇ ಆ ನಿಯಮವೂ ಹೇಳುತ್ತಿತ್ತು. ಆದರೆ ನಮ್ಮ ಊರುಗಳಲ್ಲಿ ಮಿತಿ ಮೀರಿ ಹೊಡೆದವನನ್ನು ಅನರ್ಹಗೊಳಿಸುವ ಪಂಚ ಎಲ್ಲಿದ್ದಾನೆ? ಬಿದ್ದವನಿಗೆ ಚಿನ್ನ ಬೇಡ, ಎಫ್‌ಐಆರ್ ಆದರೂ ಆಗುತ್ತದೆಯೆ?

ಇಲ್ಲಿಗೆ ನಾವು ಬಿಗಿಯಾದ ಗಂಟಿಗೆ ಬಂದೆವು. ಮೊದಲ ಏಟು ನಮ್ಮದಾಗಬಾರದು ಎಂಬ ಪಾಠ ಚೆಂದ. ಆದರೆ ಮೊದಲ ಏಟನ್ನು ಎಣಿಸುವವರು ಯಾರು? ಕೇರಿಯಲ್ಲಿ ಹುಟ್ಟಿದವನಿಗೆ ಅವನು ಹುಟ್ಟುವ ಮೊದಲೇ ಏಟು ಬಿದ್ದಿರುತ್ತದೆ. ಬಾವಿಯ ಏಟು, ಹೋಟೆಲಿನ ಬೇರೆ ಲೋಟದ ಏಟು, ಹೆಸರು ಹಿಡಿದು ಕರೆಯುವ ದನಿಯ ಏಟು. ಹಾಗಾದರೆ ನಮ್ಮ ಯಾವ ಏಟೂ ಮೊದಲನೆಯದಲ್ಲ, ಎಲ್ಲವೂ ತಿರುಗೇಟೇ ಎಂದು ನಮ್ಮ ತರುಣ ಗೆಳೆಯರು ವಾದಿಸುತ್ತಾರೆ. ಈ ವಾದದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಆದರೂ ಇದನ್ನು ನಾವು ಪೂರ್ತಿ ಒಪ್ಪಲಾರೆವು.

ಯಾಕೆ? ಏಟು ಮೇಲಿನಿಂದ ಬಿದ್ದರೂ ತಿರುಗೇಟು ಮೇಲಕ್ಕೆ ಹೋಗುವುದು ಅಪರೂಪ. ಅದು ಕೆಳಕ್ಕೆ ಹರಿಯುತ್ತದೆ. ಊರೊಳಗೆ ಕೈ ಕಟ್ಟಿ ನಿಂತವನು ಮನೆಗೆ ಬಂದು ಹೆಂಡತಿಯ ಮೇಲೆ ಕೈ ಎತ್ತುತ್ತಾನೆ. ಹೊಲೆಯನ ಕೈ ಮಾದಿಗನ ಕಡೆಗೆ, ಮಾದಿಗನ ಕೈ ಹೊಲೆಯನ ಕಡೆಗೆ ತಿರುಗುತ್ತದೆ. ಗೌಡ ಚಾವಡಿಯಲ್ಲಿ ಕೂತು ನಗುತ್ತಾನೆ. ಹಿಡಿತವಿಲ್ಲದ ಸಿಟ್ಟು ಮನು ಬರೆದ ಮೆಟ್ಟಿಲನ್ನೇ ಇಳಿಯುತ್ತದೆ. ಹಾಗಾಗಿ ಕಲಿತ ಕೈಗೆ ನಾವು ಇಡುವ ಪರೀಕ್ಷೆ ಒಂದೇ: ತನಗಿಂತ ಬಲ ಕಡಿಮೆ ಇರುವವರ ಮೇಲೆ ಅದು ಬೀಳುತ್ತದೋ ಇಲ್ಲವೋ. ಬೀಳುವುದಾದರೆ ಕಪ್ಪು ಬೆಲ್ಟು ಕಟ್ಟಿದರೂ ಅದು ಗೌಡನ ಕೈಯೇ.

ಸಹನೆಯ ಉಪದೇಶಕ್ಕೂ ನಾವು ಇದೇ ಹೇಳುತ್ತೇವೆ. ಹೊಡೆಯಲಾರದವನು ಹೊಡೆಯದೆ ಸುಮ್ಮನಿದ್ದರೆ ಅದು ಅಹಿಂಸೆಯಲ್ಲ, ಹೆದರಿಕೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನ ಇದೆ. ಒಳ್ಳೆಯವರಿಗೆ ಒಳ್ಳೆಯವನು, ಕಾಡುವವನಿಗೆ ಮಾತ್ರ ಬೇರೆಯೇ ಆದವನು ಎಂದು ಅದು ಆ ವೀರನನ್ನು ಹೊಗಳುತ್ತದೆ. ಶಾಲೆಯ ಮಕ್ಕಳು ಪ್ರವಾಸ ಬಂದು ಗುಹೆ ನೋಡಿ ಹೋಗುತ್ತಾರೆ, ಮಾಸ್ತರರು ಈ ಬಂಡೆಯ ಹತ್ತಿರವೂ ನಿಲ್ಲಿಸಬೇಕು. ಒಳ್ಳೆಯತನಕ್ಕೆ ಬೆನ್ನೆಲುಬು ಬೇಕೆಂಬ ಮಾತು ಕನ್ನಡದಲ್ಲಿ ಹದಿಮೂರು ನೂರು ವರ್ಷದ ಹಿಂದೆಯೇ ಕಲ್ಲಿನ ಮೇಲಿದೆ. ಆದರೆ ಆ ಹೊಗಳಿಕೆ ಒಬ್ಬ ವೀರನಿಗೆ ಸಿಕ್ಕಿತು. ಕೇರಿಯವರಿಗೆ ಅದು ಎಂದಿಗೆ?

ಮಹಾಡದಲ್ಲಿ ಅದು ಸಿಕ್ಕಿತು ಎಂದು ನಾವು ತಿಳಿದಿದ್ದೇವೆ. 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಕುಡಿದು ಬಂದ ಜನರ ಮೇಲೆ ಸವರ್ಣೀಯರು ಬಡಿಗೆ ಹಿಡಿದು ಬಿದ್ದರು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದ ಮಹಾರರಿದ್ದರು. ತಿರುಗಿ ಬೀಳಲು ಬಲವಿತ್ತು, ಮನಸ್ಸೂ ಇತ್ತು. ಬಾಬಾಸಾಹೇಬರು ಅವರ ಕೈ ತಡೆದರು. ಹೆದರಿಕೆಯಿಂದ ತಡೆದದ್ದಲ್ಲ ಅದು, ಲೆಕ್ಕ ಹಾಕಿ ತಡೆದದ್ದು. ಆಮೇಲೆ ಕೆರೆಯ ಹಕ್ಕಿಗಾಗಿ ಕೋರ್ಟಿನಲ್ಲಿ ನಿಂತರು. ಮುಂಬಯಿ ಹೈಕೋರ್ಟಿನ ತೀರ್ಪು ನಮ್ಮ ಕಡೆ ಬಂದದ್ದು 1937ರಲ್ಲಿ. ಹತ್ತು ವರ್ಷ.

ನಮ್ಮ ಜಿಲ್ಲೆಗೆ ಹೊಂದಿದ ಕೊಪ್ಪಳದ ಕಡೆ ನೋಡಿ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಗುಂಪು ಬಿದ್ದು ಗುಡಿಸಲಿಗೆ ಬೆಂಕಿ ಇಟ್ಟಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಅಲ್ಲಿಗೇ ಮುಗಿಯಲಿಲ್ಲ, ಹೈಕೋರ್ಟಿಗೆ ಹೋಯಿತು. ಆದರೆ ಇಲ್ಲೂ ಹತ್ತು ವರ್ಷ. ಅದೇ ಊರಲ್ಲಿ ಬದುಕುತ್ತ, ಅದೇ ಮಂದಿಯ ಕಣ್ಣೆದುರಿಗೆ, ಕಟಕಟೆಯಲ್ಲಿ ಬೆರಳು ತೋರಿಸಿ 'ಇವನೇ' ಎಂದು ಹೇಳಲು ಎಂಥ ತರಬೇತಿ ಬೇಕು? ಗುಂಪು ಬಂದು ಬಿದ್ದಾಗ ಒಬ್ಬರ ಮುಷ್ಟಿ ಸಾಲದು. ಆದರೆ ಕಾಲೂರಿ ನಿಲ್ಲುವ ಅಭ್ಯಾಸ ಹತ್ತು ವರ್ಷಕ್ಕೂ ಬರುತ್ತದೆ.

ಈಗ ನಮ್ಮ ಹುಡುಗಿಯರ ಮಾತು. ಸರಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲು, ವಸತಿ ಶಾಲೆಗಳ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲಿ ಕಲಿಸುವ ಯೋಜನೆ ಮಾಡಿದೆ. ಓಬವ್ವ ನಮ್ಮ ಚಲವಾದಿ ಹೆಣ್ಣುಮಗಳು. ಗುರುವಿಲ್ಲ, ಬೆಲ್ಟಿಲ್ಲ. ದಿನಾ ಕುಟ್ಟಿದ ಒನಕೆಯೇ ಅವಳ ಅಭ್ಯಾಸ. ಅವಳು ಪಾಳೆಯಗಾರನ ಕೋಟೆ ಕಾಯ್ದಳು. ಅವಳ ಕೇರಿಯನ್ನು ಕಾಯ್ದವರು ಯಾರು ಎಂದು ಕೂಡ ಆ ಹುಡುಗಿಯರು ಕೇಳುವಂತಾಗಬೇಕು.

ಮೂರು ತಿಂಗಳ ಪಾಠದಲ್ಲಿ ಕತ್ತಲ ಹಾದಿಯಲ್ಲಿ ಬರುವ ಪರಕೀಯನ ಕೈ ಬಿಡಿಸಿಕೊಳ್ಳುವುದನ್ನು ಕಲಿಸುತ್ತಾರೆ. ಒಳ್ಳೆಯದು. ಆದರೆ ಆಪತ್ತು ಯಾವಾಗಲೂ ಪರಕೀಯನ ರೂಪದಲ್ಲಿ ಬರುವುದಿಲ್ಲ. ಈ ಭಾಗದಲ್ಲಿ ದಲಿತ ಹುಡುಗಿಯರ ಕೊರಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟುತ್ತಿದ್ದರು, ಅದನ್ನು ನಿಷೇಧಿಸಲು 1982ರ ಕಾಯ್ದೆ ಬೇಕಾಯಿತು. ಮುತ್ತು ಕಟ್ಟುವ ಕೈ ಅವ್ವನದೇ ಇದ್ದೀತು, ಅಜ್ಜಿಯದೇ ಇದ್ದೀತು. ಆ ಕೈಗೆ ಕರಾಟೆಯ ಏಟು ಹೊಡೆಯಲಾಗದು. 'ಒಲ್ಲೆ' ಎಂದು ಹೇಳಬೇಕು. ಹದಿನೈದಕ್ಕೆ ಮದುವೆ ಗೊತ್ತುಮಾಡಿದಾಗಲೂ ಅದೇ ಮಾತು ಬೇಕು. ಕಾಲೂರಿ, ಉಸಿರು ತುಂಬಿಕೊಂಡು, ಕಣ್ಣು ತಗ್ಗಿಸದೆ 'ಒಲ್ಲೆ' ಎನ್ನುವ ಬಲ ಬಂದರೆ ಆ ತರಬೇತಿ ಕೆಲಸಕ್ಕೆ ಬಂತು.

ಹಾಗಾದರೆ ಆ ತಾಯಿಗೆ ಮಾಸ್ತರರು ಏನು ಹೇಳಬೇಕು? ಯಾವ ಬೋರ್ಡಾದರೂ ಇರಲಿ, ಒಳಗೆ ಹೋಗಿ ನಾಲ್ಕು ದಿನ ನೋಡಬೇಕು ಎಂದು ಹೇಳಲಿ. ಅಲ್ಲಿ ಎಲ್ಲ ಜಾತಿಯ ಮಕ್ಕಳು ಒಬ್ಬರನ್ನೊಬ್ಬರು ಮುಟ್ಟಿ ಆಡುತ್ತಾರೆಯೆ, ಒಂದೇ ಕೊಡದ ನೀರು ಕುಡಿಯುತ್ತಾರೆಯೆ? ಕಲಿಸುವವನನ್ನು ಮಗು 'ಯಾಕ್ರಿ ಸರ?' ಎಂದು ಕೇಳಬಹುದೆ? ದೊಡ್ಡ ಹುಡುಗ ಸಣ್ಣವನನ್ನು ಹೊಡೆದರೆ ನಿಲ್ಲಿಸುವವರಿದ್ದಾರೆಯೆ? ಇವು ಇದ್ದರೆ ಪದಕ ಬಂದರೂ ಸರಿ, ಬರದಿದ್ದರೂ ಸರಿ, ಹಾಕಲಿ. ಇವು ಇಲ್ಲದಿದ್ದರೆ ಶಿಸ್ತು ಎಂಬ ಹೆಸರಿನಲ್ಲಾಗಲಿ ಸರ್ಟಿಫಿಕೇಟಿನ ಹೆಸರಿನಲ್ಲಾಗಲಿ ನಮ್ಮ ಮಕ್ಕಳನ್ನು ಅಲ್ಲಿ ಬಗ್ಗಿಸುವುದು ಬೇಡ. ಬಗ್ಗುವುದನ್ನು ಊರು ಈಗಾಗಲೇ ಸಾಕಷ್ಟು ಕಲಿಸಿದೆ.