ಕೊನೆಯ ಸೆಕ್ಟರಿನಲ್ಲಿ ಉಳಿದದ್ದು

ತತ್ವ ತಿಳಿದರೆ ಸಾಕೋ, ತಿಳಿದ ಮೇಲೂ ಮಾಡಬೇಕಾದ ಕೆಲಸ ಉಳಿದಿರುತ್ತದೋ? ವೇದಾಂತದಲ್ಲಿ ಇದು ಬಹಳ ಹಳೆಯ ತಕರಾರು. ನನಗೆ ಅದು ಇತ್ತೀಚೆಗೆ ಎದುರಾದದ್ದು ಬನಹಟ್ಟಿಯ ಒಂದು ಮಗ್ಗದ ಮನೆಯಲ್ಲಿ, ಲಿನಕ್ಸ್ ಹಾಕಲು ಕೂತಾಗ.

ನನ್ನ ಊರು ಜಮಖಂಡಿ, ಉದ್ಯೋಗ ಕಂಪ್ಯೂಟರ್ ರಿಪೇರಿ. ಮುಧೋಳ, ಬೀಳಗಿ, ರಬಕವಿ ಕಡೆಯೆಲ್ಲ ಬೈಕಿನ ಮೇಲೆ ತಿರುಗುತ್ತೇನೆ. ಆ ಮಗ್ಗದ ಯಜಮಾನರು ಸೀರೆಯ ದಡಿ, ಸೆರಗಿನ ಡಿಸೈನ್ ತೆಗೆಯಲು ಒಂದು ಹಳೆಯ ಮಷೀನ್ ಕೊಂಡಿದ್ದರು. ಸಿಸ್ಟಮ್ ಒಂದು ಪಾಲಿನಲ್ಲಿ, ಡಿಸೈನ್‌ಗಳು ಬೇರೆ ಪಾಲಿನಲ್ಲಿ ಇರಲಿ ಎಂದರು. ನಾಳೆ ಸಿಸ್ಟಮ್ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೂ ಡಿಸೈನ್ ಉಳಿಯಬೇಕು, ಸರಿಯಾದ ಮಾತು. ಅದಕ್ಕೆ ಡಿಸ್ಕನ್ನು ಕೈಯಾರೆ ಪಾಲು ಮಾಡಬೇಕು. ಆದರೆ ಮ್ಯಾನುವಲ್ ಪಾರ್ಟಿಶನ್ ಎಂಬಲ್ಲಿ ಒತ್ತಿದ ಕೂಡಲೇ ಇನ್‌ಸ್ಟಾಲರ್ ಮುಚ್ಚಿಹೋಗುತ್ತಿತ್ತು. ಮಾರಿದವನು ಡಿಸ್ಕನ್ನು ಪೂರ್ತಿ ಸ್ವಚ್ಛ ಮಾಡಿ ಕೊಟ್ಟಿದ್ದೇನೆ ಎಂದಿದ್ದನಂತೆ. ಲೈವ್ ಲಿನಕ್ಸಿನಲ್ಲಿ ನೋಡಿದರೂ ಒಂದು ಪಾರ್ಟಿಶನ್ನೂ ಕಾಣಲಿಲ್ಲ.

“ಖಾಲಿ ಐತಿ ಅಂತ ತೋರಸ್ತೈತಲ್ರಿ ಸರ, ಮತ್ತ್ಯಾಕ ಬೀಳತೈತಿ?” ಎಂದು ಯಜಮಾನರು ಕೇಳಿದರು.

ಇಂಥಲ್ಲಿ ಊಹೆ ಮಾಡಬಾರದು, ಲಾಗ್ ಓದಬೇಕು. ಇನ್‌ಸ್ಟಾಲರ್ ಬೀಳುವ ಮುಂಚೆ ಏನು ಮಾಡುತ್ತಿತ್ತೆಂದು ಅದರ ಕೊನೆಯ ಸಾಲುಗಳು ಹೇಳುತ್ತವೆ. ಪಾಲು ಮಾಡುವ ಪರದೆ ತೋರಿಸುವ ಮೊದಲು ಅದು ಇರುವ ಡಿಸ್ಕುಗಳನ್ನೆಲ್ಲ ಓದಿ, ಯಾವುದರೊಳಗೆ ಯಾವುದಿದೆ ಎಂಬ ಚಿತ್ರವನ್ನು ಕಟ್ಟಿಕೊಳ್ಳುತ್ತದೆ. ಇಲ್ಲಿ ಆ ಚಿತ್ರ ಕಟ್ಟುವಾಗಲೇ ಮುಗ್ಗರಿಸುತ್ತಿತ್ತು. ವೈಪ್‌ಎಫ್‌ಎಸ್ ಎಂಬ ಸಣ್ಣ ಕಮಾಂಡ್ ಇದೆ. ಬರೀ ಡಿಸ್ಕಿನ ಹೆಸರು ಕೊಟ್ಟರೆ ಅದು ಏನನ್ನೂ ಮುಟ್ಟುವುದಿಲ್ಲ, ಅಲ್ಲಿ ಉಳಿದ ಗುರುತುಗಳ ಪಟ್ಟಿ ಕೊಡುತ್ತದೆ. ಕೊಟ್ಟಿತು. ಆ ಡಿಸ್ಕು ಹಿಂದೆ ಯಾವುದೋ ಸರ್ವರಿನಲ್ಲಿ ಎರಡು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಎಂಬ ಜೋಡಿಯಲ್ಲಿ ಒಂದಾಗಿತ್ತು. ಜೋಡಿಯ ಇನ್ನೊಂದು ಎಲ್ಲಿದೆಯೋ; ಇದರಲ್ಲಿ ಮಾತ್ರ ‘ನಾನು ಇಂಥ ಜೋಡಿಯ ಅರ್ಧ’ ಎಂಬ ಬರಹ ಹಾಗೆಯೇ ಇತ್ತು.

ಅಳಿಸಿದ ಮೇಲೂ ಅದು ಉಳಿದದ್ದು ಹೇಗೆ? ಹಳೆಯ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ನಕ್ಷೆ ಮೊಟ್ಟಮೊದಲ 512 ಬೈಟುಗಳಲ್ಲೇ ಮುಗಿಯುತ್ತದೆ. ಅದರೊಳಗೆ ಪಾಲುಗಳ ಪಟ್ಟಿಗೆ ಸಿಗುವುದು 64 ಬೈಟು, ನಾಲ್ಕು ಪಾಲಿನ ಜಾಗ. ಅದನ್ನು ನೋಡಿ ಬೆಳೆದವರು ಡಿಸ್ಕಿನ ಆರಂಭಕ್ಕೆ ಸೊನ್ನೆ ಬರೆದು ಕೆಲಸ ಮುಗಿಯಿತೆನ್ನುತ್ತಾರೆ. ಆದರೆ ಜಿಪಿಟಿ ಎಂಬ ಹೊಸ ಪದ್ಧತಿ ತನ್ನ ನಕ್ಷೆಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕಟ್ಟಕಡೆಗೆ ಇಡುತ್ತದೆ. ಕೆಲವು ಬಗೆಯ ರೇಡ್ ಗುರುತೂ ಕೊನೆಯಲ್ಲೇ ಕೂತಿರುತ್ತದೆ. ಆರಂಭ ಅಳಿಸಿದವರ ಕೈ ಅಲ್ಲಿಯವರೆಗೆ ಹೋಗಿರುವುದಿಲ್ಲ.

ಇದನ್ನು ಯಜಮಾನರಿಗೆ ವಿವರಿಸುತ್ತಿದ್ದಂತೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಛಾಂದೋಗ್ಯ ಉಪನಿಷತ್ತು. ಅಪ್ಪ ಇಂಚಗೇರಿ ಸಂಪ್ರದಾಯದವರು, ನಿಂಬಾಳಕ್ಕೆ ನಡೆದುಕೊಳ್ಳುತ್ತಿದ್ದರು. ಆ ಸಂಪ್ರದಾಯದ ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ್ದು ನಮ್ಮ ಜಮಖಂಡಿಯಲ್ಲೇ. ಉಪನಿಷತ್ತುಗಳ ತತ್ವದ ಮೇಲಿನ ಅವರ ದೊಡ್ಡ ಗ್ರಂಥ 1926ರದು. ಹೀಗಾಗಿ ಛಾಂದೋಗ್ಯದ ಉದ್ದಾಲಕ–ಶ್ವೇತಕೇತುವಿನ ಸಂವಾದ ಮನೆಯಲ್ಲಿ ಕೇಳುತ್ತಲೇ ಬೆಳೆದೆ. ಮಣ್ಣಿನಿಂದಾದ ಪಾತ್ರೆಗಳ ಭೇದವೆಲ್ಲ ಹೆಸರಿನದು, ನಿಜವಾದದ್ದು ಮಣ್ಣು ಎಂಬುದು ಅಲ್ಲಿಯ ಬೋಧೆ. ಡಿಸ್ಕಿನ ಮಟ್ಟಿಗೆ ಇದು ಅಕ್ಷರಶಃ ನಿಜ. ಪಾರ್ಟಿಶನ್ ಮಾಡಿದರೆ ಡಿಸ್ಕಿನೊಳಗೆ ಗೋಡೆ ಏಳುವುದಿಲ್ಲ. ಇಂಥ ಸೆಕ್ಟರಿನಿಂದ ಇಂಥಲ್ಲಿಯವರೆಗೆ ಎಂಬ ಒಂದು ಬರಹ, ಅಷ್ಟೆ. ಜಮಖಂಡಿ ಸಂಸ್ಥಾನವೂ ಹಾಗೆಯೇ ಇತ್ತು. ಹುಬ್ಬಳ್ಳಿಯ ಆಚೆಯ ಕುಂದಗೋಳ ಪಟವರ್ಧನರ ಜಮಖಂಡಿಗೆ ಸೇರಿತ್ತು, ನಡುವೆ ಪರರಾಜ್ಯಗಳು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಎರಡೂ ಕಡೆಯ ಎರೆಮಣ್ಣು ಇದ್ದಲ್ಲೇ ಇತ್ತು.

ಆದರೆ ಭೇದ ಬರೀ ಹೆಸರು ಎಂದುಕೊಂಡರೆ ಇನ್‌ಸ್ಟಾಲರ್ ಬೀಳುವುದು ನಿಲ್ಲುವುದಿಲ್ಲ. ಯಜಮಾನರ ಪ್ರಶ್ನೆಯ ತೂಕ ಇರುವುದು ಇಲ್ಲಿ. ಸುಳ್ಳಾಗಿಹೋದ ಬರಹ ಒಂದಿದೆ, ಅದರ ಜೋಡಿ ಇಲ್ಲ, ಅದು ಹೇಳುವ ಸರ್ವರ್ ಇಲ್ಲ. ಆದರೂ ಓದುವವನು ಅದನ್ನು ನಿಜವೆಂದು ಓದಿದ ಕ್ಷಣ ಕೆಲಸ ಕೆಡುತ್ತದೆ. ಸುಳ್ಳಿಗೂ ಬಲ ಇರುತ್ತದೆ, ಅದನ್ನು ಓದುವವರು ಇರುವ ತನಕ.

ಶಂಕರರ ದಾರಿಯಲ್ಲಿ ಹಗ್ಗ ಕಂಡ ಮೇಲೆ ಹಾವಿನ ಭಯ ಕಳೆಯಲು ಬೇರೆ ಯತ್ನ ಬೇಡ. ನಾನು ಇದನ್ನು ತಳ್ಳಿಹಾಕಲಾರೆ. ಆದರೆ ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ವಿದ್ಯಾರಣ್ಯರು ಜೀವನ್ಮುಕ್ತಿವಿವೇಕದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ತತ್ವಜ್ಞಾನದ ಜೊತೆಗೆ ಮನೋನಾಶ, ವಾಸನಾಕ್ಷಯ ಎರಡನ್ನೂ ಅಭ್ಯಾಸ ಮಾಡಬೇಕು, ಇಲ್ಲದಿದ್ದರೆ ಬದುಕಿರುವಾಗಲೇ ಮುಕ್ತಿ ನೆಲೆಯೂರುವುದಿಲ್ಲ ಎಂಬುದು ಅವರ ನಿಲುವು. ನನ್ನ ಮನಸ್ಸು ಒಪ್ಪುವುದು ಈ ಪಕ್ಷವನ್ನು. ವಾಸನೆ ಎಂದರೆ ಹಿಂದಿನ ಬರಹ. ತಿಳಿವಳಿಕೆ ಬಂದಿತೆಂದು ಅದು ತಾನಾಗಿ ಅಳಿಯುವುದಿಲ್ಲ.

ನಮ್ಮ ಸೀಮೆಯ ಲಿಂಗಾಯತ ಮನೆಗಳಲ್ಲಿ ಇದು ಪುಸ್ತಕದ ಮಾತಲ್ಲ. ದೀಕ್ಷೆಯಾದವನಿಗೆ ಪೂರ್ವಾಶ್ರಯ ಇಲ್ಲ, ಹಿಂದಿನ ಕುಲ ಎಣಿಸಬಾರದು ಎಂದು ಶರಣರು ಹನ್ನೆರಡನೆಯ ಶತಮಾನದಲ್ಲೇ ಹಾಕಿಕೊಟ್ಟ ನಿಯಮ. ಜಾತ್ರೆಯ ಪ್ರಸಾದದ ಪಂಕ್ತಿಯಲ್ಲಿ ನಾವೆಲ್ಲ ಒಂದೇ. ಅದೇ ಪಂಕ್ತಿಯಲ್ಲಿ ಮಗ್ಗುಲಿಗೆ ಕೂತು ಉಂಡವರು ಕನ್ಯೆ ನೋಡಲು ಬಂದಾಗ ಮೊದಲು ಕೇಳುವುದು ಒಳಪಂಗಡ. ಆರಂಭಕ್ಕೆ ಸೊನ್ನೆ ಬರೆದಿದ್ದೇವೆ, ಕಟ್ಟಕಡೆಯ ಪ್ರತಿ ಹಾಗೆಯೇ ಇದೆ. ‘ಎಲ್ಲಾ ಒಂದ’ ಎಂದು ಹಿರಿಯರು ಹೇಳುವುದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲುವುದು ನನಗೆ ನೋವು ಕೊಡುತ್ತದೆ. ಅಪ್ಪನ ಇಂಚಗೇರಿ ಸಂಪ್ರದಾಯದಲ್ಲಿ ಹಾಗಲ್ಲ: ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು ಲಿಂಗಾಯತರು. ಆ ಪರಂಪರೆ ಮುಂದುವರಿಸಿದ ಉಮದಿಯ ಭಾವುಸಾಹೇಬ ಮಹಾರಾಜರು ಬ್ರಾಹ್ಮಣರು, ಅವರ ಶಿಷ್ಯರಾದ ರಾನಡೆಯವರೂ ಬ್ರಾಹ್ಮಣರೇ. ಅಲ್ಲಿ ಬರಹ ಬುಡದಿಂದಲೇ ಅಳಿದಿತ್ತು.

ಹಾಗಾದರೆ ಎಲ್ಲವನ್ನೂ ಮರೆಯಬೇಕೇ? ವೈಪ್‌ಎಫ್‌ಎಸ್ ಮಾಡುವುದು ಅದನ್ನಲ್ಲ. ಅಳಿಸು ಎಂದರೆ ಅದು ಗುರುತಿನ ಕೆಲವೇ ಬೈಟುಗಳನ್ನು ಒರೆಸುತ್ತದೆ. ಉಳಿದ ದತ್ತಾಂಶವನ್ನು ಮುಟ್ಟುವುದಿಲ್ಲ. ಹಳೆಯದು ಇರುತ್ತದೆ, ತಾನೇ ಈ ಡಿಸ್ಕಿನ ಯಜಮಾನ ಎನ್ನುವ ಅದರ ಅಧಿಕಾರ ಹೋಗಿರುತ್ತದೆ. ವಿದ್ಯಾರಣ್ಯರೂ ಮಲಿನ ವಾಸನೆ, ಶುದ್ಧ ವಾಸನೆ ಎಂದು ಬೇರೆ ಮಾಡುತ್ತಾರೆ. ಎರಡನೆಯದು ಹುರಿದ ಬೀಜ, ಮೊಳೆಯುವುದಿಲ್ಲ. ಹಾಗೆಯೇ ಮುಧೋಳದ ಕವಿ ರನ್ನ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ಅದನ್ನು ಮುಚ್ಚಿಡಲಿಲ್ಲ. ಕವಿಚಕ್ರವರ್ತಿಯಾಗಲು ಆ ಹುಟ್ಟು ಅವನಿಗೆ ಅಡ್ಡವೂ ಬರಲಿಲ್ಲ.

ಬನಹಟ್ಟಿಯಲ್ಲಿ ಉಳಿದ ಕೆಲಸ ಸಲೀಸಾಯಿತು. ಬೇರೆ ಡಿಸ್ಕಿಗೆ ಕೈ ತಾಗದಂತೆ ಹೆಸರನ್ನು ಮತ್ತೊಮ್ಮೆ ತಾಳೆ ನೋಡಿ ಹಳೆಯ ಗುರುತುಗಳನ್ನು ಒರೆಸಿ, ಜಿಪಾರ್ಟೆಡ್‌ನಲ್ಲಿ ಹೊಸ ಜಿಪಿಟಿ ಬರೆದು, ಬೂಟ್ ಆಗಲು ಬೇಕಾದ ಇಎಫ್‌ಐ ಪಾಲು ಸೇರಿಸಿ ಮೊದಲೇ ಪಾಲು ಮಾಡಿಟ್ಟೆ. ಇನ್‌ಸ್ಟಾಲರಿಗೆ ಉಳಿದದ್ದು ಯಾವ ಪಾಲು ಯಾತಕ್ಕೆ ಎಂದು ತೋರಿಸುವುದು ಮಾತ್ರ.

ಮನುಷ್ಯರ ವಿಷಯದಲ್ಲಿ ಉಳಿದ ಗುರುತುಗಳ ಪಟ್ಟಿ ಸಿಗುವುದು ನೇಮಕ್ಕೆ, ಅಂದರೆ ನಾಮಸ್ಮರಣೆಗೆ, ಕೂತಾಗ ಎಂದು ಅಪ್ಪ ಹೇಳುತ್ತಿದ್ದರು. ನಾಮ ನಿಲ್ಲುವ ಮೊದಲು ಇಂಥವೇ ಒಂದೊಂದಾಗಿ ಎದ್ದು ಬರುತ್ತವಂತೆ, ಅವನ್ನು ನೋಡಬೇಕಂತೆ. ನಾನು ಕೂಡುತ್ತೇನೆ, ಬರುತ್ತವೆ. ನನ್ನ ಮಗಳಿಗೆ ಈ ವರ್ಷ ವರ ನೋಡುತ್ತಿದ್ದೇವೆ. ಯಾರೇ ಕೇಳಲಿ, ಒಳಪಂಗಡ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ ಎಂದು ಮನೆಯಲ್ಲಿ ತಿಳಿಸಿದ್ದೇನೆ. ಹೆಂಡತಿ ಒಪ್ಪಿದ್ದಾಳೆ. ಅಣ್ಣ ಇನ್ನೂ ಒಪ್ಪಿಲ್ಲ. ಅವನ ಜೊತೆ ಮಾತು ನಡೆದಿದೆ.