ವಜ್ರಪರೀಕ್ಷೆ ಮತ್ತು ಅಚೌರ್ಯಾಣುವ್ರತ

ಅಷ್ಟಮಿ ಚತುರ್ದಶಿಗಳಂದು ಉಪವಾಸವನ್ನೋ ಏಕಾಶನವನ್ನೋ ಕೈಗೊಳ್ಳುವ ಶ್ರಾವಕನಿಗೆ ತನ್ನ ವ್ರತ ಎಲ್ಲಿ ಸಡಿಲವಾಯಿತೆಂಬುದು ಕೂಡಲೇ ತಿಳಿಯುತ್ತದೆ. ಒಂದು ಗುಟುಕು ನೀರು ಕುಡಿದರೂ ನಾಲಿಗೆಯೇ ಅದಕ್ಕೆ ಸಾಕ್ಷಿ. ಅಚೌರ್ಯಾಣುವ್ರತಕ್ಕಾದರೋ ಇಂಥ ಸಾಕ್ಷಿಯಿಲ್ಲ. ಅದು ಸಂತೆಯಲ್ಲಿ, ಅಂಗಡಿಯ ಗಾದಿಯ ಮೇಲೆ, ಮದುವೆಯ ಒಡವೆ ಕೊಳ್ಳುವ ಗಡಿಬಿಡಿಯಲ್ಲಿ ಸದ್ದಿಲ್ಲದೆ ಜಾರಿಹೋಗಬಲ್ಲುದು. ಪರರ ಸೊತ್ತನ್ನು ಕದಿಯುವುದನ್ನು ಕನಸಿನಲ್ಲಿಯೂ ಎಣಿಸದ ಗೃಹಸ್ಥನು ಐದು ಅಣುವ್ರತಗಳಲ್ಲಿ ಇದೇ ಅತ್ಯಂತ ಸುಲಭವಾದುದೆಂದು ಭಾವಿಸುತ್ತಾನೆ. ಅದು ಅಷ್ಟು ಸುಲಭವೆ?

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿ ಸೀಮೆಯ ಒಬ್ಬ ಗೃಹಸ್ಥನು ಚಾತುರ್ಮಾಸದಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿ, ಮನೆಯ ಒಡವೆಗಳೆಲ್ಲ ಸೇರಿ ಇಷ್ಟು ಬೆಲೆಯನ್ನು ಮೀರಬಾರದೆಂದು ಪರಿಗ್ರಹಕ್ಕೆ ಮೇರೆ ಹಾಕಿಕೊಂಡಿದ್ದಾನೆ. ಆ ಮೇರೆಯೊಳಗೆ ಇನ್ನು ಮೂರು ಲಕ್ಷ ರೂಪಾಯಿಗಳಷ್ಟು ಎಡೆ ಉಳಿದಿದೆ. ಮಗಳ ಮದುವೆಗೆ ಏಳು ಕಲ್ಲಿನ ವಜ್ರದ ಓಲೆಗಳು ಬೇಕು. ಅದೇ ಊರಿನ ಬಸದಿಯ ಬೀದಿಯಲ್ಲಿರುವ ವೃದ್ಧೆಯೊಬ್ಬಳು ತನ್ನ ಅತ್ತೆಯ ಕಾಲದ ಅಂಥ ಓಲೆಗಳನ್ನು ಔಷಧೋಪಚಾರದ ಸಾಲಕ್ಕಾಗಿ ಮಾರಲು ನಿಂತಿದ್ದಾಳೆ. ಅವಳ ಬಳಿ ಇರುವುದು ಒಂದು ಹಳೆಯ ಚೀಟಿ ಮಾತ್ರ. “ಚೀಟಿಯಲ್ಲಿದ್ದ ಬೆಲೆಗೆ ಕಾಲಕ್ಕೆ ತಕ್ಕಷ್ಟು ಸೇರಿಸಿ ಎರಡು ಲಕ್ಷ ಅಂದಿದ್ದೇನೆ. ಹೆಚ್ಚಾಯಿತು ಅನಿಸಿದರೆ ಹೇಳಪ್ಪ” ಎನ್ನುತ್ತಾಳೆ. ಕಡಿಮೆಯಾಯಿತೆಂದರೆ ಹೇಳು ಎಂದು ಅವಳು ಕೇಳುವುದಿಲ್ಲ. ಹಾಗೆ ಕೇಳಬಹುದೆಂಬ ಎಣಿಕೆಯೂ ಅವಳಿಗಿಲ್ಲ.

ಗೃಹಸ್ಥನು ಓಲೆಗಳನ್ನು ಪರೀಕ್ಷೆಗಾಗಿ ಒಯ್ಯುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆಪ್ತಮೀಮಾಂಸೆಯಲ್ಲಿ ಸಮಂತಭದ್ರಾಚಾರ್ಯರು ಆಪ್ತನನ್ನೇ ಪರೀಕ್ಷೆಗೆ ಒಳಪಡಿಸಿದ ಪರಂಪರೆ ಇದು. ಕಲ್ಲನ್ನು ಪರೀಕ್ಷಿಸಿದರೆ ಯಾರಿಗೂ ಅವಮಾನವಾಗದು. ರತ್ನಪರೀಕ್ಷೆಯೂ ಜೈನರಿಗೆ ಹೊಸತಲ್ಲ. ದೆಹಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಭಂಡಾರದಲ್ಲಿ ಅಧಿಕಾರಿಯಾಗಿದ್ದ ಠಕ್ಕುರ ಫೇರು ಎಂಬ ಶ್ವೇತಾಂಬರ ಶ್ರಾವಕನು 1315ರಲ್ಲಿ ಪ್ರಾಕೃತದಲ್ಲಿ ರತ್ನಪರೀಕ್ಷೆಯನ್ನೇ ಕುರಿತು ಗ್ರಂಥವೊಂದನ್ನು ರಚಿಸಿದನು.

ಇಂದಿನ ಪರೀಕ್ಷಕನು ನೋಡುವುದು ನಾಲ್ಕನ್ನು: ತೂಕ, ಬಣ್ಣ, ನಿರ್ಮಲತೆ, ಕೊರೆತ. ಒಂದು ಕ್ಯಾರೆಟ್ಟೆಂದರೆ 200 ಮಿಲಿಗ್ರಾಂ. ಐದು ಕ್ಯಾರೆಟ್ಟುಗಳಿಗೆ ಒಂದು ಗ್ರಾಂ. ಆದರೆ ಬೆಲೆಯು ತೂಕದೊಡನೆ ಸಮನಾಗಿ ಏರುವುದಿಲ್ಲ. ಗುಣ ಒಂದೇ ಆಗಿದ್ದರೂ ಒಂದು ಕ್ಯಾರೆಟ್ಟಿನ ಒಂಟಿ ಕಲ್ಲು ಅರ್ಧರ್ಧ ಕ್ಯಾರೆಟ್ಟಿನ ಎರಡು ಕಲ್ಲುಗಳಿಗಿಂತ ಬಹಳ ಹೆಚ್ಚು ಬೆಲೆ ಬಾಳುತ್ತದೆ. ಬಣ್ಣವಿಲ್ಲದಷ್ಟೂ ಶ್ರೇಷ್ಠ, ಹಳದಿಯ ಛಾಯೆ ತೋರಿದಂತೆ ದರ್ಜೆ ಇಳಿಯುತ್ತದೆ. ಹಿಂಬದಿ ಮುಚ್ಚಿದ ಹಳೆಯ ಕಟ್ಟಿನಲ್ಲಿ ಈ ಛಾಯೆ ಅಡಗಿಕೊಳ್ಳುವುದರಿಂದ ಬಲ್ಲವರು ಕಟ್ಟನ್ನು ಬಿಚ್ಚಿಸಿಯೇ ಬಣ್ಣವನ್ನು ನಿರ್ಣಯಿಸುತ್ತಾರೆ. ನಿರ್ಮಲತೆಯನ್ನು ಹತ್ತು ಪಟ್ಟು ಹಿಗ್ಗಿಸಿ ತೋರುವ ಗಾಜಿನಲ್ಲಿ ನೋಡುವರು. ಕೊರೆತ ಸರಿಯಿಲ್ಲದಿದ್ದರೆ ಕಲ್ಲಿನ ಒಳಹೊಕ್ಕ ಬೆಳಕು ಮೇಲ್ಮುಖವಾಗಿ ಮರಳದೆ ತಳದಿಂದಲೇ ಸೋರಿಹೋಗುತ್ತದೆ.

ಇವೆಲ್ಲಕ್ಕೂ ಮೊದಲು ಕಲ್ಲು ವಜ್ರವೇ ಹೌದೆ ಎಂಬುದು ತಿಳಿಯಬೇಕು. ಜಿರ್ಕೋನಿಯಾ ಎಂಬ ಕೃತ್ರಿಮ ಕಲ್ಲು ವಜ್ರಕ್ಕಿಂತ ಭಾರ. ಶಾಖವನ್ನು ವಜ್ರದಂತೆ ಹರಿಯಗೊಡದು. ಮೊಯ್ಸನೈಟ್ ಎಂಬುದು ಶಾಖದ ಪರೀಕ್ಷೆಯಲ್ಲಿ ಗೆದ್ದುಬಿಡುತ್ತದೆ; ಗಾಜಿನಲ್ಲಿ ಓರೆಯಾಗಿ ನೋಡಿದಾಗ ಅದರ ಹಿಂಬದಿಯ ಅಂಚುಗಳು ಜೋಡಿಯಾಗಿ ಕಾಣುವುವು. ಎಲ್ಲಕ್ಕಿಂತ ಕಠಿನವಾದುದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಇಂಥ ವಜ್ರವನ್ನು ತಯಾರಿಸಿದುದಾಗಿ 1955ರಲ್ಲಿ ಪ್ರಕಟಿಸಿತು. ಇದೂ ಅಪ್ಪಟ ಇಂಗಾಲವೇ. ಕಣ್ಣಿಗಾಗಲಿ ಕೈಗಾಜಿಗಾಗಲಿ ಭೇದ ತಿಳಿಯದು; ದೊಡ್ಡ ಉಪಕರಣಗಳೇ ಬೇಕು. ಬೆಲೆಯಲ್ಲಿಯಂತೂ ಗಣಿಯ ವಜ್ರದ ಒಂದು ಚಿಕ್ಕ ಪಾಲು. ಅದನ್ನು ಅದೇ ಹೆಸರಿನಿಂದ ಮಾರಿದರೆ ದೋಷವಿಲ್ಲ. ಗಣಿಯದೆಂದು ಮಾರಿದರೆ ಅದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ ಪ್ರತಿರೂಪಕವ್ಯವಹಾರವೆಂಬ ಅತಿಚಾರ. ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚಿಸುವ ವ್ಯಾಪಾರವೆಂದು ಪೂಜ್ಯಪಾದಾಚಾರ್ಯರು ಅದನ್ನು ವಿವರಿಸಿದ್ದಾರೆ. ಒಡವೆಯ ಮೇಲಿನ ಹಾಲ್‌ಮಾರ್ಕ್ ಮುದ್ರೆಯನ್ನು ಕಂಡು ಸಮಾಧಾನಪಡುವ ಮನೆಗಳುಂಟು. ಆ ಮುದ್ರೆ ಹೇಳುವುದು ಚಿನ್ನದ ಶುದ್ಧತೆಯನ್ನೇ ಹೊರತು ಕಲ್ಲಿನ ಮಾತನ್ನಲ್ಲ.

ವೃದ್ಧೆಯ ಓಲೆಗಳ ಹದಿನಾಲ್ಕು ಕಲ್ಲುಗಳಲ್ಲಿ ಒಂದು ಕೃತ್ರಿಮವೆಂದು ಕಂಡುಬರುತ್ತದೆ. ಎಂದೋ ಕಳಚಿಬಿದ್ದ ಕಲ್ಲಿನ ಜಾಗದಲ್ಲಿ ಅಕ್ಕಸಾಲಿಗನು ಕೂರಿಸಿದ್ದಿರಬೇಕು. ಉಳಿದ ಹದಿಮೂರು ಕಲ್ಲುಗಳು ಚೀಟಿ ಹೇಳುವುದಕ್ಕಿಂತ ಬಹಳ ಮೇಲಿನ ದರ್ಜೆಯವು. ನ್ಯಾಯವಂತನಾದ ವರ್ತಕನು ಇವಕ್ಕೆ ಆರು ಲಕ್ಷ ಕೊಟ್ಟಾನು ಎಂದು ಪರೀಕ್ಷಕನು ಹೇಳುತ್ತಾನೆ. (ಅಂಗಡಿಯವರು ಮಾರುವ ಬೆಲೆಗೂ ಮರಳಿ ಕೊಳ್ಳುವ ಬೆಲೆಗೂ ಬಹಳ ಅಂತರವಿರುವುದರಿಂದ, ಇಲ್ಲಿ ಲೆಕ್ಕಕ್ಕೆ ಬರುವುದು ವೃದ್ಧೆಯ ಕೈಗೆ ನಿಜವಾಗಿ ದೊರೆಯಬಹುದಾದ ಹಣವೇ.)

ಈಗ ಗೃಹಸ್ಥನ ಮನಸ್ಸನ್ನು ನೋಡಬೇಕು. ಆ ಒಂದು ಕೃತ್ರಿಮ ಕಲ್ಲಿನ ಸುದ್ದಿಯನ್ನು ವೃದ್ಧೆಗೆ ಹೇಗೆ ತಿಳಿಸಿ ಹತ್ತಿಪ್ಪತ್ತು ಸಾವಿರ ಇಳಿಸಬಹುದೆಂಬ ಮಾತುಗಳು ಹಿಂದಿರುಗುವ ದಾರಿಯಲ್ಲಿಯೇ ಸಿದ್ಧವಾಗಿಬಿಡುತ್ತವೆ. ಹದಿಮೂರು ಕಲ್ಲುಗಳ ವಿಷಯದಲ್ಲಿ ಮಾತ್ರ ನಾಲಿಗೆ ಏಳುವುದಿಲ್ಲ. ದೋಷವನ್ನು ಹೇಳುವುದು ಸತ್ಯವಾದರೆ ಗುಣವನ್ನು ಹೇಳುವುದೂ ಸತ್ಯವಲ್ಲವೆ? ಒಂದೇ ಗಾಜಿನಿಂದ ಕಂಡ ಎರಡು ಸತ್ಯಗಳಲ್ಲಿ ಲಾಭದ್ದಕ್ಕೆ ಮಾತನ್ನೂ ನಷ್ಟದ್ದಕ್ಕೆ ಮೌನವನ್ನೂ ಆರಿಸುವಾತನು ಕಲ್ಲಿನ ಪರೀಕ್ಷೆಯನ್ನು ಮುಗಿಸಿ ತನ್ನ ಪರೀಕ್ಷೆಯಲ್ಲಿ ಸೋಲುತ್ತಿದ್ದಾನೆ.

ಇದಕ್ಕೆ ಎದುರುವಾದವೂ ಉಂಟು, ಅದು ಹಗುರವಾದುದಲ್ಲ. ಅವನು ಸುಳ್ಳು ಹೇಳಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ. ಬೆಲೆಯನ್ನು ಅವಳೇ ಹೇಳಿದ್ದಾಳೆ. ಪರೀಕ್ಷೆಗೆ ಹಣ ತೆತ್ತವನು ಅವನು. ಆ ಜ್ಞಾನದ ಫಲ ಅವನಿಗೇಕೆ ಸಲ್ಲಬಾರದು? ಜಾಣ್ಮೆಗೆ ಲಾಭವೇ ಇಲ್ಲವೆಂದರೆ ವ್ಯಾಪಾರವೇ ನಿಂತುಹೋದೀತು. ಇಬ್ಬರು ವರ್ತಕರ ನಡುವೆ ಈ ವಾದವು ಬಹುಮಟ್ಟಿಗೆ ಸರಿ. ಅಲ್ಲಿ ಇಬ್ಬರ ಕೈಯಲ್ಲಿಯೂ ಗಾಜು ಇದೆ. ಒಬ್ಬನ ಕಣ್ಣು ಹೆಚ್ಚು ಚುರುಕಾಗಿರಬಹುದೆಂಬುದನ್ನು ಒಪ್ಪಿಯೇ ಇನ್ನೊಬ್ಬನು ವ್ಯವಹಾರಕ್ಕೆ ಇಳಿದಿರುತ್ತಾನೆ. ವೃದ್ಧೆಯಾದರೋ ಹಾಗೆ ಇಳಿದವಳಲ್ಲ. ತೆರೆದ ಅಂಗಡಿಗೆ ಹೋಗದೆ ಸಾಧರ್ಮಿಕನನ್ನು ನಂಬಿ ಬಂದವಳು.

ಇಲ್ಲಿ ಶಾಸ್ತ್ರದ ಮಾತು ಸೂಕ್ಷ್ಮವಾಗಿದೆ. ಕೊಡದಿರುವುದನ್ನು ಪ್ರಮಾದಯೋಗದಿಂದ ತೆಗೆದುಕೊಳ್ಳುವುದೇ ಸ್ತೇಯ. ಇಟ್ಟದ್ದು, ಬಿದ್ದದ್ದು ಮಾತ್ರವಲ್ಲ, ಒಡೆಯನು ಮರೆತುಬಿಟ್ಟ ಧನವನ್ನೂ ಮುಟ್ಟಬಾರದೆಂದು ರತ್ನಕರಂಡಕವು ವಿಧಿಸುತ್ತದೆ. ವೃದ್ಧೆಯು ಎರಡು ಲಕ್ಷದ ಓಲೆಯನ್ನು ಕೊಡುತ್ತಿದ್ದಾಳೆ. ಉಳಿದ ನಾಲ್ಕು ಲಕ್ಷವನ್ನು ಅವಳು ಕೊಡುತ್ತಿಲ್ಲ, ಏಕೆಂದರೆ ಅದು ತನ್ನಲ್ಲಿದೆಯೆಂಬುದೇ ಅವಳಿಗೆ ತಿಳಿಯದು. ತಿಳಿಯದುದನ್ನು ಕೊಡುವ ಬಗೆ ಯಾವುದು? ಇನ್ನು ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರವನ್ನು ವಿವರಿಸುವಾಗ ಸರ್ವಾರ್ಥಸಿದ್ಧಿಕಾರರು, ಅಂಥ ರಾಜ್ಯದಲ್ಲಿ ಬಹುಮೂಲ್ಯದ ವಸ್ತುಗಳು ಅಲ್ಪ ಬೆಲೆಗೆ ದೊರೆಯುವುವೆಂದು ಮಾಡುವ ಪ್ರಯತ್ನವನ್ನು ಎತ್ತಿ ಹೇಳಿದ್ದಾರೆ. ವೃದ್ಧೆಯ ಮನೆ ರಾಜ್ಯವಲ್ಲ, ನಿಜ. ಆದರೂ ಸಾಲದಿಂದ ವ್ಯವಸ್ಥೆ ಕೆಟ್ಟ ಮನೆಯ ಬಾಗಿಲಲ್ಲಿ ಅಗ್ಗದ ರತ್ನಕ್ಕಾಗಿ ನಿಂತವನಿಗೆ ಆ ವಾಕ್ಯವು ತನ್ನನ್ನೇ ಕುರಿತದ್ದೆಂದು ತೋರದಿದ್ದರೆ ಆಶ್ಚರ್ಯ.

ಗೃಹಸ್ಥನು ಎಲ್ಲವನ್ನೂ ಹೇಳಿಬಿಡುತ್ತಾನೆ ಎಂದಿಟ್ಟುಕೊಳ್ಳೋಣ. ಕೃತ್ರಿಮ ಕಲ್ಲನ್ನೂ, ಹದಿಮೂರರ ಗುಣವನ್ನೂ, ಆರು ಲಕ್ಷದ ಮಾತನ್ನೂ. ವೃದ್ಧೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಸಾಲ ತೀರಿದರೆ ಸಾಕು. ನಿನ್ನ ಮಗಳು ನನಗೆ ಮೊಮ್ಮಗಳಿದ್ದ ಹಾಗೆ. ಮೂರಕ್ಕೇ ತೊಗೊಂಡು ಹೋಗಪ್ಪ” ಎನ್ನುತ್ತಾಳೆ. ಈಗ ಅದು ಅದತ್ತವಲ್ಲ. ತಿಳಿದು, ಮನಸಾರೆ ಕೊಟ್ಟದ್ದು. ಅಚೌರ್ಯದ ದೃಷ್ಟಿಯಿಂದ ಅಡ್ಡಿಯಿಲ್ಲ.

ಆದರೆ ಪರಿಗ್ರಹದ ಮೇರೆ? ತೆತ್ತ ಹಣ ಮೂರು ಲಕ್ಷ, ಅಷ್ಟಕ್ಕೆ ಎಡೆಯಿದೆ. ಮನೆಗೆ ಬರುವ ವಸ್ತುವಿನ ಬೆಲೆ ಆರು ಲಕ್ಷ, ಅದಕ್ಕೆ ಎಡೆಯಿಲ್ಲ. ತೆತ್ತ ಬೆಲೆಯಿಂದ ಲೆಕ್ಕ ಹಾಕಬಹುದೆಂದು ವಾದಿಸುವವರಿದ್ದಾರೆ; ಹಾಗಾದರೆ ಉಡುಗೊರೆಯಾಗಿ ಬಂದ ಕೋಟಿ ರೂಪಾಯಿಯೂ ವ್ರತವನ್ನು ಮೀರದು ಎಂದಂತಾಯಿತು. ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದ ಮೇಲೆ, ಆರು ಲಕ್ಷದ್ದೆಂದು ತಿಳಿದ ಓಲೆಯ ಮೇಲಿನ ಮಮತೆಯು ಮೂರು ಲಕ್ಷದಷ್ಟೇ ಇದ್ದೀತೆ? ಪರೀಕ್ಷೆ ಮಾಡಿಸದಿದ್ದರೆ ಅವನಿಗೆ ಈ ತೊಡಕು ಇರುತ್ತಿರಲಿಲ್ಲ. ತಿಳಿದಾದ ಮೇಲೆ ತಿಳಿಯದವನಂತೆ ಲೆಕ್ಕ ಬರೆಯಲು ಬರುವುದಿಲ್ಲ.

ಮೇರೆಯನ್ನು ವಿಸ್ತರಿಸಿಕೊಳ್ಳೋಣವೆಂದು ಮನೆಯವರು ಸೂಚಿಸಬಹುದು. ಅವನು ಒಪ್ಪುವುದಿಲ್ಲ. ಅವನೇ ವೃದ್ಧೆಯನ್ನು ಕರೆದುಕೊಂಡು ಪೇಟೆಗೆ ಹೋಗಿ, ಇಬ್ಬರು ವರ್ತಕರಲ್ಲಿ ಬೆಲೆ ಕೇಳಿಸಿ, ಹೆಚ್ಚು ಕೊಟ್ಟವನಿಗೆ ಓಲೆಗಳನ್ನು ಮಾರಿಸುತ್ತಾನೆ. ಮಗಳಿಗೆ ಕೆಂಪಿನ ಓಲೆಗಳಾಗುತ್ತವೆ. ಪರೀಕ್ಷೆಗೆ ತಗುಲಿದ ಹಣವನ್ನು ವೃದ್ಧೆಯು ಸೆರಗಿನ ಗಂಟಿನಿಂದ ಬಿಚ್ಚಿ ಕೊಡಲು ಬರುತ್ತಾಳೆ; ಅದು ತಾನು ಕೊಳ್ಳುವುದಕ್ಕಾಗಿ ಮಾಡಿಸಿದ ಪರೀಕ್ಷೆಯೆಂದು ಅವನು ತೆಗೆದುಕೊಳ್ಳುವುದಿಲ್ಲ.