ಯಾರ ಕಣ್ಣಿಗೆ ಈ ದೀಪ?

ನಡುಹಗಲಲ್ಲಿ ಫಾಗ್ ಲ್ಯಾಂಪ್ ಉರಿಸಿಕೊಂಡು ಓಡುವ ಕಾರು ಬೆಂಗಳೂರಿನಲ್ಲಿ ಈಗ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಚಾರ್ಮಾಡಿ ಘಾಟಿಯಂಥ ಕಡೆ ಮಂಜು ಕವಿದಾಗ ಬೇಕಾಗುವ ದೀಪಕ್ಕೆ ರಿಂಗ್ ರೋಡಿನ ಬಿಸಿಲಲ್ಲಿ ಏನು ಕೆಲಸ ಎಂದು ಕೇಳಿದರೆ, "ಡಿಆರ್‌ಎಲ್ ಮಾಡಿಸಿದ್ದೀನಿ ಸಾರ್" ಎಂಬ ಉತ್ತರ ಬರುತ್ತದೆ. ಡಿಆರ್‌ಎಲ್ ಎಂದರೆ ಡೇಟೈಮ್ ರನ್ನಿಂಗ್ ಲೈಟ್, ಹಗಲುದೀಪ. ದುಬಾರಿ ಮಾಡೆಲ್‌ಗೆ ಕಂಪನಿಯೇ ಅದನ್ನು ಕೊಟ್ಟಿರುತ್ತದೆ. ಅಗ್ಗದ್ದನ್ನು ಕೊಂಡವರು ಜೆ.ಸಿ. ರಸ್ತೆಗೋ ಗುರುತಿನ ಎಲೆಕ್ಟ್ರಿಷಿಯನ್ ಹತ್ತಿರವೋ ಹೋಗಿ, ಇರುವ ದೀಪವನ್ನೇ ಆ ಕೆಲಸಕ್ಕೆ ಹಚ್ಚಿಸಿಕೊಳ್ಳುತ್ತಾರೆ.

ಕೆಲಸ ದೊಡ್ಡದೇನಲ್ಲ. ಫಾಗ್ ಲ್ಯಾಂಪನ್ನು ಹತ್ತಿಸುವ ಸ್ವಿಚ್ಚು ರಿಲೇ, ಅದರ ಕಾಯಿಲ್‌ಗೆ ಕರೆಂಟ್ ಸಿಕ್ಕರೆ ದೀಪ ಹತ್ತುತ್ತದೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಾಲು, ಒಂದೊಂದಕ್ಕೂ ಒಂದು ನಂಬರು. 30ಕ್ಕೆ ಬ್ಯಾಟರಿಯ ವೈರು, 87ರಿಂದ ದೀಪಕ್ಕೆ, 85 ಮತ್ತು 86ರ ನಡುವೆ ಕಾಯಿಲ್. ಪಾರ್ಕಿಂಗ್ ಲೈಟ್ ಹತ್ತಿದ್ದರೆ ಮಾತ್ರ ಈ ಕಾಯಿಲ್‌ಗೆ ಕರೆಂಟ್ ಸಿಗುವಂತೆ ಎಷ್ಟೋ ಕಾರುಗಳಲ್ಲಿ ಜೋಡಿಸಿರುತ್ತಾರೆ. ಎಲೆಕ್ಟ್ರಿಷಿಯನ್ ಆ ವೈರನ್ನು ಕತ್ತರಿಸಿ ಇಗ್ನಿಷನ್ ವೈರಿಗೆ ಸೇರಿಸುತ್ತಾನೆ. ಇನ್ನು ಕೀ ತಿರುಗಿಸಿದರೆ ಸಾಕು, ದೀಪ ಹತ್ತುತ್ತದೆ. ಕತ್ತರಿಸಿದ ಆ ವೈರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎದುರಿನವರಿಗೆ ನಾವು ಕಾಣಬೇಕು ಎಂಬ ಆಸೆಯನ್ನು ನಾನು ಗೇಲಿ ಮಾಡಲಾರೆ. ಅದು ವಿವೇಕದ ಆಸೆ. ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಮೇಲೇಳದ ಸ್ವೀಡನ್ ದೇಶ 1977ರಲ್ಲೇ ಹಗಲುದೀಪ ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟ 2011ರ ಫೆಬ್ರುವರಿಯಿಂದ ಹೊಸ ಮಾದರಿಯ ಕಾರುಗಳಿಗೆಲ್ಲ ಇದು ಬೇಕೆಂದಿತು. ನಮ್ಮಲ್ಲೂ 2017ರ ಏಪ್ರಿಲ್‌ನಿಂದ ಹೊಸ ಬೈಕು, ಸ್ಕೂಟರ್‌ಗಳ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತದೆ. (ಎದುರು ಬರುವವರು ಇಂದಿಗೂ ಅಂಗೈ ಮುಚ್ಚಿ ತೆರೆದು "ಲೈಟ್ ಆನ್ ಇದೆ" ಎಂದು ಸನ್ನೆ ಮಾಡುವುದನ್ನು ಬಿಟ್ಟಿಲ್ಲ. ಈ ದೇಶದ ರಸ್ತೆಯಲ್ಲಿ ಅಪರಿಚಿತರು ಪರಸ್ಪರ ತೋರುವ ಕಾಳಜಿಗಳಲ್ಲಿ ಇದೊಂದು, ಅನಗತ್ಯವಾದರೂ.)

ಆಸೆ ಸರಿ. ಅದು ಈಡೇರಿತೇ ಎಂದು ನಾವು ಎಲ್ಲಿ ನಿಂತು ಪರೀಕ್ಷಿಸುತ್ತೇವೆ ಎಂಬುದು ನನ್ನ ತಕರಾರು. ಹಗಲುದೀಪದಿಂದ ಚಾಲಕನಿಗೆ ಏನೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅದು ಪೂರ್ತಿಯಾಗಿ ಇನ್ನೊಬ್ಬರ ಕಣ್ಣಿಗಾಗಿ ಹಚ್ಚುವ ದೀಪ. ಆದರೆ ಗ್ಯಾರೇಜಿನಲ್ಲಿ ನಡೆಯುವುದೇನು? ಮಾಲೀಕ ಬಂಪರಿನ ಮುಂದೆ ಬಗ್ಗಿ ನೋಡುತ್ತಾನೆ, ದೀಪ ಹೊಳೆಯುತ್ತದೆ, ದುಡ್ಡು ಕೊಟ್ಟು ಹೊರಡುತ್ತಾನೆ. ಆಯುಧಪೂಜೆಯ ದಿನ ವಾಹನಕ್ಕೆ ದೃಷ್ಟಿ ತೆಗೆದು ರಸ್ತೆಯ ನಡುವೆ ಬೂದುಗುಂಬಳಕಾಯಿ ಒಡೆಯುವವರ ಸಮಾಧಾನವೂ ಇದೇ ಬಗೆಯದು. ತನ್ನ ಗಾಡಿಗೆ ರಕ್ಷೆಯಾಯಿತು ಎಂದುಕೊಂಡು ಆತ ಮನೆಗೆ ಹೋಗುತ್ತಾನೆ, ಆ ಲೋಳೆಯ ಮೇಲೆ ಜಾರಿ ಬೀಳುವವನು ಯಾವನೋ ಸ್ಕೂಟರಿನವನು. ನಂಬಿಕೆ ನಿಜವೇ ಸುಳ್ಳೇ ಎಂದು ಕೇಳಿ ವಿಚಾರವಾದಿ ಸುಮ್ಮನಾಗಬಾರದು. ಸುಳ್ಳಾದರೆ ಬೆಲೆ ತೆರುವವರು ಯಾರು ಎಂದೂ ಕೇಳಬೇಕು.

ಈಗ ಫಾಗ್ ಲ್ಯಾಂಪನ್ನೇ ಕೇಳೋಣ. ಅದರ ಬೆಳಕು ಅಗಲ, ಚಪ್ಪಟೆ, ರಸ್ತೆಗೆ ಅಂಟಿದಂತೆ. ಮೇಲಕ್ಕೆ ಹೋದ ಬೆಳಕು ಮಂಜಿನ ಹನಿಗೆ ಬಡಿದು ಚಾಲಕನ ಕಣ್ಣಿಗೇ ಮರಳುವುದರಿಂದ ಮೇಲಂಚನ್ನು ಕತ್ತರಿಸಿದಂತೆ ತಡೆದಿರುತ್ತಾರೆ. ಹಗಲುದೀಪದ ಬೆಳಕಾದರೋ ನೇರ ಮುಂದಕ್ಕೆ, ದೂರದವನ ಕಣ್ಣಿಗೆ ತಲುಪಬೇಕು. ಅದರ ತೀವ್ರತೆ 400 ಕ್ಯಾಂಡೆಲಾಗಿಂತ ಕಡಿಮೆ ಇರಬಾರದು, 1,200 ದಾಟಬಾರದು ಎಂದು ವಿಶ್ವಸಂಸ್ಥೆಯ ವಾಹನ ನಿಯಮ ಹೇಳುತ್ತದೆ. ಹೀಗಾಗಿ ಸರಿಯಾಗಿ ಕೂರಿಸಿದ ಫಾಗ್ ಲ್ಯಾಂಪು ಬಿಸಿಲಿನಲ್ಲಿ ದೂರದವನಿಗೆ ಅಷ್ಟಾಗಿ ಕಾಣುವುದಿಲ್ಲ. ಕಾಣಲೆಂದು ಮೂತಿ ಎತ್ತಿದರೆ, ಇಲ್ಲವೇ ಹ್ಯಾಲೊಜೆನ್ ಬಲ್ಬಿನ ಗೂಡಿಗೆ ಕಣ್ಣು ಕುಕ್ಕುವ ಎಲ್‌ಇಡಿ ತುರುಕಿದರೆ, ಎದುರಿನವನಿಗೆ ಆ ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಂಥ ದೀಪಗಳ ಕಾಟ ಎಷ್ಟಾಯಿತೆಂದರೆ 2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ರಾಜ್ಯದಾದ್ಯಂತ ಕೇಸು ಹಾಕಲು ಇಳಿಯಬೇಕಾಯಿತು.

ತಪ್ಪು ಸಣ್ಣ ಕಾರಿನ ಮಾಲೀಕನದು ಮಾತ್ರ ಎಂದರೆ ಅನ್ಯಾಯವಾದೀತು. ಕೆನಡಾ 1990ರ ಹೊತ್ತಿಗೆ ಹಗಲುದೀಪ ಕಡ್ಡಾಯ ಮಾಡಹೊರಟಾಗ ಮೊದಲು ಯೋಚಿಸಿದ್ದ ಮಿತಿ 1,500 ಕ್ಯಾಂಡೆಲಾ. ಹೊಸ ದೀಪ ಕೂರಿಸುವುದು ದುಬಾರಿ ಎಂದು ಕಾರು ಕಂಪನಿಗಳು ಜಗ್ಗಾಡಿದ ಮೇಲೆ, ಹೈ ಬೀಮನ್ನೇ ಕಡಿಮೆ ವೋಲ್ಟೇಜಿನಲ್ಲಿ ಉರಿಸಬಹುದು, 7,000 ಕ್ಯಾಂಡೆಲಾದವರೆಗೂ ಆಗಬಹುದು ಎಂದಾಯಿತು. ಎರಡು ಹೈ ಬೀಮ್ ಫಿಲಮೆಂಟನ್ನು ಸೀರೀಸ್‌ನಲ್ಲಿ ಜೋಡಿಸಿದರೆ ತಲಾ ಅರ್ಧ ವೋಲ್ಟೇಜ್, ಕೆಲಸ ಮುಗಿಯಿತು. ಇದಕ್ಕೂ ನಮ್ಮ ಎಲೆಕ್ಟ್ರಿಷಿಯನ್ನನ ಕೈಚಳಕಕ್ಕೂ ಇರುವ ವ್ಯತ್ಯಾಸ ಕೋಟು, ಟೈ ಅಷ್ಟೇ.

ಇನ್ನು ಆ ವೈರು. ಪಾರ್ಕಿಂಗ್ ಲೈಟ್ ಹತ್ತಿದ್ದರೆ ಮಾತ್ರ ಫಾಗ್ ಲ್ಯಾಂಪ್ ಹತ್ತಬೇಕು ಎಂಬ ಕಟ್ಟುಪಾಡು ಕಂಪನಿಯ ಕಿರಿಕಿರಿಯಲ್ಲ. ಪಾರ್ಕಿಂಗ್ ಲೈಟಿನ ಜೊತೆಗೆ ಟೇಲ್ ಲೈಟೂ ಹತ್ತುತ್ತದೆ. ಮುಂದೆ ಬೆಳಕಿದ್ದು ಹಿಂದೆ ಕತ್ತಲೆಯಾಗಬಾರದು ಎಂಬುದು ಅದರ ಅರ್ಥ. ಕತ್ತರಿಸಿದ ಮೇಲೆ ಆಗುವುದು ಹೀಗೆ: ಸಂಜೆ ಆರೂವರೆಗೆ ಕಾರಿನ ಮುಂದೆ ರಸ್ತೆ ಬೆಳಗಿದೆ, ಡ್ಯಾಶ್‌ಬೋರ್ಡೂ ಹೊಳೆಯುತ್ತಿದೆ. ಲೈಟ್ ಹಾಕಿದ್ದೇನೆ ಎಂದು ಚಾಲಕ ನಂಬಿದ್ದಾನೆ. ಹಿಂದೆ ಒಂದೂ ಕೆಂಪು ದೀಪವಿಲ್ಲ. ಮಳೆ ಬಂದರೆ ಹಿಂದಿನ ಲಾರಿಯವನಿಗೆ ಕಾರೇ ಇಲ್ಲ. ಕೆನಡಾದಲ್ಲಿ ಇಂಥವನ್ನು ದೆವ್ವದ ಗಾಡಿಗಳು ಎಂದೇ ಕರೆದರು. ಅವು ಅಲ್ಲಿ ಕಾರ್ಖಾನೆಯಿಂದಲೇ ಹಾಗೆ ಬರುತ್ತಿದ್ದವು. 2021ರ ಸೆಪ್ಟೆಂಬರಿನಿಂದ ನಿಯಮ ಬದಲಾಯಿಸಿ, ಹಗಲುದೀಪದ ಜೊತೆ ಟೇಲ್ ಲೈಟೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಹೆಡ್‌ಲೈಟ್ ತಾನಾಗಿ ಹತ್ತಬೇಕು, ಅದೂ ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ಕತ್ತಲಾಗಿದ್ದು ಚಾಲಕನನ್ನು ಎಚ್ಚರಿಸಬೇಕು ಎಂದು ಮಾಡಿದರು. ಅವರು ಮೂವತ್ತು ವರ್ಷದ ಮೇಲೆ ತಿದ್ದಿಕೊಂಡದ್ದನ್ನು ನಾವು ಕಟಿಂಗ್ ಪ್ಲೇಯರ್ ಹಿಡಿದು ಹೊಸದಾಗಿ ಹುಟ್ಟಿಸುತ್ತಿದ್ದೇವೆ.

ತಿದ್ದಿಕೊಂಡ ಇನ್ನೊಂದು ದೇಶ ಆಸ್ಟ್ರಿಯಾ. 2005ರ ನವೆಂಬರಿನಲ್ಲಿ ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ ಮಾಡಿ, 2008ರ ಜನವರಿಗೆ ಕೈಬಿಟ್ಟಿತು. ಎಲ್ಲ ಕಾರುಗಳೂ ಹೊಳೆದರೆ ದೀಪವಿಲ್ಲದ ಪಾದಚಾರಿ, ಸೈಕಲಿನವರು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ ಎಂಬುದು ಆಗಿನ ವಾದಗಳಲ್ಲಿ ಒಂದು. ಅದು ಪೂರ್ತಿ ನಿಜವೋ ಅಲ್ಲವೋ, ಕೇಳಲೇಬೇಕಾದ ಪ್ರಶ್ನೆಯಂತೂ ಹೌದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಹಣೆಬರಹ ಎಂದು ಮುಗಿಸಲು ಬಾರದಷ್ಟು ದೊಡ್ಡ ಸಂಖ್ಯೆ ಅದು. ಅವರಿಗೆ ಹೊಳೆಯುವ ಸೌಕರ್ಯವಿಲ್ಲ. ಹಾಗಾಗಿ ಕಾರಿನವನು ಹೊಳೆದ ಮಾತ್ರಕ್ಕೆ ನೋಡುವ ಹೊಣೆಯಿಂದ ಬಿಡುಗಡೆ ಪಡೆಯುವಂತಿಲ್ಲ.

ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ ಇದೆ. ಸಿಕ್ಕಿಬೀಳುವ ಭಯದಿಂದ ಮಾತ್ರ ಬಿಡುವವರು ಸಿಕ್ಕಿಬೀಳದ ಊರಿನಲ್ಲಿ ಮತ್ತೆ ಮಾಡಿಸುತ್ತಾರೆ. ಹಗಲಲ್ಲಿ ಕಾಣಿಸಿಕೊಳ್ಳಲೇಬೇಕು ಎನ್ನುವವರಿಗೆ ಏನನ್ನೂ ಕತ್ತರಿಸದ ದಾರಿಯೊಂದಿದೆ: ಲೋ ಬೀಮ್ ಹಾಕಿಕೊಂಡು ಓಡಿಸುವುದು. ಟೇಲ್ ಲೈಟೂ ಜೊತೆಗೇ ಹತ್ತುತ್ತದೆ, ವಾರಂಟಿಗೆ ಧಕ್ಕೆಯಿಲ್ಲ. ಬಲ್ಬು ಬೇಗ ಸುಡುತ್ತದೆ ಎನ್ನುತ್ತಾರೆ. ನಿಜ, ಸುಡುತ್ತದೆ. ಹೊಸದು ಹಾಕಿಸಿ.